ಹೊಸ್ತಿಲ ಕೆಳಗೆ ಹೂತ ಹೆಸರು

ಕುಡಿದು ಕುಡಿದು ಮುಖ ಊದಿಕೊಂಡ, ದೊಡ್ಡ ಹೊಟ್ಟೆಯ ಮಾಜಿ ಸೈನಿಕನೊಬ್ಬ ನಡುರಾತ್ರಿಯಲ್ಲಿ ಒಂದು ವಿಕಾರವಾದ ಜೀವವನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ನಡೆಯುತ್ತಿದ್ದಾನೆ. ಅದು ಅವನದೇ ಕೂಸು. ಹೆಂಡತಿಯ ಮೇಲೆ ಅವನು ಕೈಮಾಡಿದ ರಾತ್ರಿ ಗರ್ಭದಿಂದ ಜಾರಿ ಹೋದದ್ದು. ಹೆಸರಿಡದೆ, ಯಾವ ವಿಧಿಯನ್ನೂ ಮಾಡದೆ ಮಣ್ಣು ಮುಚ್ಚಿದ್ದಕ್ಕೆ ಪಿಶಾಚಿಯಾಗಿ ಎದ್ದು ಬಂದಿದೆ. ಪಕ್ಕದಲ್ಲಿ ಬಿಳಿಗೂದಲಿನ ಬೇಟೆಗಾರನೊಬ್ಬ ಕೈಸನ್ನೆಯ ಮಂತ್ರದಿಂದ ಅದನ್ನು ಸಮಾಧಾನ ಮಾಡುತ್ತಾ ಹೆಜ್ಜೆ ಹಾಕುತ್ತಿದ್ದಾನೆ. ಆ ಬೇಟೆಗಾರನ ಜಾಗದಲ್ಲಿ ನಾವಿದ್ದೇವೆ. ಕೋಟೆಮನೆಯ ಹೊಸ್ತಿಲು ತಲುಪಿದ ಮೇಲೆ ಆ ಮನುಷ್ಯ ಕೂಸಿಗೆ ಹೆಸರಿಡುತ್ತಾನೆ, ಇವಳು ನನ್ನ ಮಗಳು ಎಂದು ಬಾಯಿಬಿಟ್ಟು ಹೇಳುತ್ತಾನೆ, ಅಲ್ಲೇ ಗುಂಡಿ ತೋಡಿ ಹೂಳುತ್ತಾನೆ. ಪಿಶಾಚಿಯಾಗಿದ್ದದ್ದು ಅಂದಿನಿಂದ ಆ ಮನೆಯನ್ನು ಕಾಯುವ ದೈವವಾಗುತ್ತದೆ.

‘ದಿ ವಿಚರ್ 3: ವೈಲ್ಡ್ ಹಂಟ್’ ಎಂಬ ವಿಡಿಯೊ ಗೇಮ್‌ನಲ್ಲಿ ಬರುವ ಪ್ರಸಂಗ ಇದು. ಆಟ ಹೊರಬಂದದ್ದು 2015ರ ಮೇ 19ರಂದು. ಅಂದಿನಿಂದ ಇಂದಿನವರೆಗೆ ಫ್ಯಾಂಟಸಿ ರೋಲ್ ಪ್ಲೇಯಿಂಗ್ ಆಟಗಳ ಮಾತು ಬಂದಾಗಲೆಲ್ಲ ‘ಬ್ಲಡಿ ಬ್ಯಾರನ್ ಕತೆ’ ಎಂದು ಅಭಿಮಾನಿಗಳು ನೆನೆಯುವುದು ಆ ಮಾಜಿ ಸೈನಿಕನ ಈ ಪ್ರಸಂಗವನ್ನೇ. ನಾನೂ ಆ ಅಭಿಮಾನಿಗಳಲ್ಲಿ ಒಬ್ಬ. ಕಾದಂಬರಿ, ನಾಟಕ, ಸಿನಿಮಾಗಳಿಗೆ ಕೊಡುವ ಗಂಭೀರ ಗಮನವನ್ನು ಈ ಆಟಕ್ಕೂ ಕೊಡಬೇಕು ಎಂಬುದು ನನ್ನ ಬಲವಾದ ನಂಬಿಕೆ. ಮುಂದೆ ಕತೆಯ ಗುಟ್ಟುಗಳೆಲ್ಲ ಬಯಲಾಗುತ್ತವೆ. ಆಡಬೇಕೆಂದು ಎತ್ತಿಟ್ಟುಕೊಂಡಿರುವವರು ಮುಗಿಸಿ ಬಂದು ಓದಲಿ.

ಮೇಲ್ನೋಟಕ್ಕೆ ಇದರ ಕತೆಯೂ ಫ್ಯಾಂಟಸಿಯ ಹಳೆಯ ದಾರಿಯದೇ. ಲೋಕಗಳನ್ನೇ ಹೆಪ್ಪುಗಟ್ಟಿಸಿ ಕೊಲ್ಲುವ ‘ಬಿಳಿ ಹಿಮ’ ಬರುತ್ತಿದೆ. ಅದನ್ನು ತಡೆಯುವ ರಕ್ತಬಲ ಇರುವುದು ಸಿರಿ ಎಂಬ ತರುಣಿಯೊಬ್ಬಳಲ್ಲಿ. ಪ್ರೇತಗಳಂತೆ ಕಾಣುವ ಸವಾರರ ದಂಡು, ಅದೇ ವೈಲ್ಡ್ ಹಂಟ್, ಅವಳ ಬೆನ್ನು ಹತ್ತಿದೆ. ಅವಳನ್ನು ಮಗಳಂತೆ ಸಾಕಿ ಕತ್ತಿವರಸೆ ಕಲಿಸಿದ ಗೆರಾಲ್ಟ್, ಅಂದರೆ ಆ ಬಿಳಿಗೂದಲಿನ ಬೇಟೆಗಾರ, ಅವರಿಗಿಂತ ಮೊದಲು ಅವಳನ್ನು ಹುಡುಕಬೇಕು. ಇಷ್ಟನ್ನೇ ಕೇಳಿದರೆ ನೂರರಲ್ಲಿ ಒಂದು ಎನಿಸುತ್ತದೆ. ಆದರೆ ಈ ಆಟದ ಬರಹಗಾರರು ಒಂದು ಅಪರೂಪದ ತೀರ್ಮಾನ ಮಾಡಿದ್ದಾರೆ. ಕತೆಯ ಅಂತ್ಯವನ್ನು ಅವರು ಯುದ್ಧದ ಫಲಿತಾಂಶಕ್ಕೆ ಕಟ್ಟಿಲ್ಲ. ಒಬ್ಬ ತಂದೆ ಬೆಳೆದ ಮಗಳ ಜೊತೆ ಹೇಗೆ ನಡೆದುಕೊಂಡ ಎಂಬ ಮನೆಯೊಳಗಿನ ಸಂಗತಿಗೆ ಕಟ್ಟಿದ್ದಾರೆ. ಇಡೀ ಆಟ ತಂದೆಯರ ಕತೆ. ಬ್ಯಾರನ್ ಅದರಲ್ಲಿ ಒಬ್ಬ, ಗೆರಾಲ್ಟ್ ಇನ್ನೊಬ್ಬ, ಸಿರಿಯ ಹೆತ್ತ ತಂದೆಯಾದ ಚಕ್ರವರ್ತಿ ಎಮ್ಹಿರ್ ಮತ್ತೊಬ್ಬ, ಗೆರಾಲ್ಟ್‌ನನ್ನೇ ಸಾಕಿದ ಮುದುಕ ವೆಸೆಮಿರ್ ಮಗದೊಬ್ಬ.

ಈ ಎಳೆ ಎಲ್ಲಿಂದ ಬಂತು ಎಂದು ನೋಡಿದರೆ ಮೂಲ ಕತೆಯವರೆಗೂ ಹೋಗಬೇಕಾಗುತ್ತದೆ. ಪೋಲೆಂಡಿನ ಲೇಖಕ ಆಂದ್ಜೇಯ್ ಸಪ್ಕೋವ್‌ಸ್ಕಿ 1986ರಲ್ಲಿ ‘ಫಾಂತಾಸ್ತಿಕಾ’ ಎಂಬ ಪತ್ರಿಕೆಗೆ ಬರೆದ ಸಣ್ಣಕತೆಯಲ್ಲಿ ಗೆರಾಲ್ಟ್ ಮೊದಲು ಕಾಣಿಸಿಕೊಂಡ. ಆ ಕತೆಯಲ್ಲೂ ಒಬ್ಬ ತಂದೆ ಇದ್ದಾನೆ, ರಾಜ ಫೋಲ್ಟೆಸ್ಟ್. ಅವನ ಮಗಳು ಸತ್ತು ಹುಟ್ಟಿ, ಶಾಪದಿಂದ ನರಭಕ್ಷಕ ಪಿಶಾಚಿಯಾಗಿ ಬೆಳೆದಿದ್ದಾಳೆ. ಕೊಂದು ಕೈತೊಳೆದುಕೊಳ್ಳುವುದು ಸುಲಭ. ಗೆರಾಲ್ಟ್ ಹಾಗೆ ಮಾಡದೆ ಇಡೀ ರಾತ್ರಿ ಅವಳ ಜೊತೆ ಸೆಣಸಿ, ಅವಳು ಮಲಗುವ ಕಲ್ಲುಪೆಟ್ಟಿಗೆಯಲ್ಲಿ ತಾನು ಮಲಗಿ, ಶಾಪ ಬಿಡಿಸುತ್ತಾನೆ. ಸಿಡಿ ಪ್ರಾಜೆಕ್ಟ್ ರೆಡ್ ಸಂಸ್ಥೆ 2007ರಲ್ಲಿ ಹೊರತಂದ ಮೊದಲ ‘ವಿಚರ್’ ಆಟ ತೆರೆದುಕೊಳ್ಳುವುದು ಇದೇ ಕಾಳಗದ ದೃಶ್ಯದಿಂದ. ಬ್ಯಾರನ್‌ನ ಕೂಸನ್ನು ಕೊಲ್ಲುವುದೋ, ಹೆಸರಿಟ್ಟು ಮುಕ್ತಿ ಕೊಡುವುದೋ ಎಂಬ ಪ್ರಶ್ನೆಯನ್ನು ಮೂರನೆಯ ಆಟ ನಮ್ಮ ಮುಂದೆ ಇಡುವಾಗ ಆ ಮೊದಲ ಕತೆಯ ಜೀವ ಅದರಲ್ಲಿ ಮಿಡಿಯುತ್ತದೆ.

ಸಂಸ್ಥೆಯ ಬಗ್ಗೆ ಒಂದೆರಡು ಮಾತು ಸಾಕು. ವಾರ್ಸಾದಲ್ಲಿ 1994ರಲ್ಲಿ ಇಬ್ಬರು ಗೆಳೆಯರು ಸೇರಿ ಕಟ್ಟಿದ ಸಿಡಿ ಪ್ರಾಜೆಕ್ಟ್, ಶುರುವಿನಲ್ಲಿ ಬೇರೆ ದೇಶಗಳ ಆಟಗಳನ್ನು ತರಿಸಿ ಮಾರುತ್ತಿತ್ತು. ‘ಬಾಲ್ಡರ್ಸ್ ಗೇಟ್’ ಎಂಬ ಮಾತು ತುಂಬಿದ ರೋಲ್ ಪ್ಲೇಯಿಂಗ್ ಆಟವನ್ನು ಪೋಲಿಷ್ ಭಾಷೆಗೆ ತಂದದ್ದು ಅವರಿಗೆ ದೊಡ್ಡ ಹೆಸರು ಕೊಟ್ಟಿತು. ಪಾತ್ರಗಳು ಮಾತಾಡುವ ಆಟಕ್ಕೆ ತಮ್ಮ ಊರಿನ ಜನ ತಮ್ಮ ನುಡಿಯಲ್ಲಿ ಮನಸೋಲುತ್ತಾರೆ ಎಂಬುದನ್ನು ಅವರು ಅಂಗಡಿಯಲ್ಲಿ ಕೂತೇ ಕಂಡಿದ್ದರು. ಸ್ವಂತ ಆಟ ಮಾಡಲು ಹೊರಟಾಗ ತಮ್ಮ ನಾಡಿನ ಲೇಖಕನ ಕತೆಯನ್ನೇ ಎತ್ತಿಕೊಂಡರು. 2011ರಲ್ಲಿ ಪೋಲೆಂಡಿನ ಪ್ರಧಾನಿ ಅಮೆರಿಕದ ಅಧ್ಯಕ್ಷ ಒಬಾಮ ಅವರಿಗೆ ಕೊಟ್ಟ ಉಡುಗೊರೆಗಳಲ್ಲಿ ಎರಡನೆಯ ‘ವಿಚರ್’ ಆಟವೂ ಇತ್ತು. ಮೂರನೆಯದು 5 ಕೋಟಿಗೂ ಹೆಚ್ಚು ಪ್ರತಿ ಮಾರಾಟವಾಗಿದೆ ಎಂದು ಸಂಸ್ಥೆ 2023ರಲ್ಲಿ ಹೇಳಿತು.

ಈಗ ಪಾತ್ರದ ಮಾತಿಗೆ ಬರೋಣ. ಬಹುಪಾಲು ರೋಲ್ ಪ್ಲೇಯಿಂಗ್ ಆಟಗಳು ನಮ್ಮ ಕೈಗೆ ಖಾಲಿ ಮನುಷ್ಯನನ್ನು ಕೊಡುತ್ತವೆ. ಹೆಸರು, ಮುಖ, ಕುಲ, ವಿದ್ಯೆ ಎಲ್ಲವನ್ನೂ ನಾವೇ ತುಂಬಬೇಕು. ಗೆರಾಲ್ಟ್ ಖಾಲಿಯಿಲ್ಲ. ಅವನಿಗೆ ವಯಸ್ಸಾಗಿದೆ, ಹಿಂದೆ ಪ್ರೀತಿಸಿದ ಹೆಂಗಸರಿದ್ದಾರೆ, ಹಳೆಯ ಸಾಲಗಳಿವೆ, ಮೈಮೇಲೆ ಗಾಯದ ಗುರುತುಗಳಿವೆ. ಔಷಧ, ಮಂತ್ರಗಳ ಪ್ರಯೋಗದಿಂದ ಅವನನ್ನು ಮನುಷ್ಯರಿಂದ ಬೇರೆಯಾಗಿಸಿ, ರಾಕ್ಷಸರನ್ನು ಬೇಟೆಯಾಡುವ ‘ವಿಚರ್’ ಆಗಿಸಿದ್ದಾರೆ. ವಿಚರ್‌ಗಳಿಗೆ ಭಾವನೆಯೇ ಇಲ್ಲ ಎಂದು ಜನ ಆಡಿಕೊಳ್ಳುತ್ತಾರೆ. ಇಂಗ್ಲಿಷಿನಲ್ಲಿ ಅವನಿಗೆ ದನಿ ಕೊಟ್ಟ ಡಗ್ ಕಾಕಲ್, ಸ್ವರವನ್ನು ಎತ್ತರಿಸದೆಯೇ ಆ ಸುಳ್ಳನ್ನು ಆಟದುದ್ದಕ್ಕೂ ಒಡೆಯುತ್ತಾ ಹೋಗುತ್ತಾರೆ. ಹಾಗಾದರೆ ಆಡುವವನಿಗೆ ಉಳಿದದ್ದೇನು ಎಂದು ಕೇಳಬಹುದು. ತಾಳಮದ್ದಳೆ ಕೇಳಿದವರಿಗೆ ಇದರ ಉತ್ತರ ಬೇಗ ಹೊಳೆಯುತ್ತದೆ. ಕರ್ಣನ ಅರ್ಥ ಹೇಳಲು ಕೂತವರಿಗೆ ಕರ್ಣ ಯಾರೆಂದು ಮೊದಲೇ ಗೊತ್ತು, ಪ್ರಸಂಗದ ಪದ್ಯಗಳೂ ಗೊತ್ತು, ಕೊನೆಯೂ ಗೊತ್ತು. ಆ ಚೌಕಟ್ಟಿನೊಳಗೆ ಇಂದಿನ ರಾತ್ರಿಯ ಕರ್ಣ ಕೃಷ್ಣನಿಗೆ ಏನು ಹೇಳುತ್ತಾನೆ, ಎಷ್ಟು ಕರಗುತ್ತಾನೆ, ಎಲ್ಲಿ ಬಿಗಿಯುತ್ತಾನೆ ಎಂಬುದು ಮಾತ್ರ ಅರ್ಥಧಾರಿಯ ಕೈಯಲ್ಲಿದೆ. ಗೆರಾಲ್ಟ್‌ನನ್ನು ಆಡುವುದು ಅಂಥದೇ ಕೆಲಸ. ಅವನನ್ನು ಕಟುಕನನ್ನಾಗಿ ಮಾಡಲು ನಮಗೆ ಬಿಡುವುದಿಲ್ಲ, ಸಂತನನ್ನಾಗಿಯೂ ಮಾಡಲಾಗದು. ಅವನು ಇಂಥ ಮನುಷ್ಯ ಎಂಬುದು ಗಟ್ಟಿಯಾಗಿರುವುದರಿಂದಲೇ ಅವನ ಒಂದೊಂದು ಮಾತಿಗೂ ತೂಕ ಬರುತ್ತದೆ.

ಬ್ಯಾರನ್‌ನ ಅಂಗಳದಲ್ಲಿ

ವೆಲೆನ್ ಯುದ್ಧ ಹಾದುಹೋದ ಸೀಮೆ. ಮರಗಳಲ್ಲಿ ನೇತುಬಿದ್ದ ಹೆಣಗಳು, ಸುಟ್ಟ ಹಳ್ಳಿಗಳು, ಕೆಸರು, ಜೌಗು. ಯಾರ ಆಳ್ವಿಕೆಯೂ ಇಲ್ಲದ ಆ ನೆಲದಲ್ಲಿ ಫಿಲಿಪ್ ಸ್ಟ್ರೆಂಗರ್ ಎಂಬ ಸೋತ ಸೈನ್ಯದ ಸಿಪಾಯಿ ತನ್ನ ಪಡೆ ಕಟ್ಟಿಕೊಂಡು ಕೋಟೆಯೊಂದನ್ನು ಹಿಡಿದು, ತನ್ನನ್ನು ತಾನೇ ಬ್ಯಾರನ್ ಎಂದು ಕರೆದುಕೊಂಡು ಕೂತಿದ್ದಾನೆ. ಗೆದ್ದ ಶತ್ರುವಿನ ಜೊತೆ ಕೈಜೋಡಿಸಿದ್ದಾನೆ. ಅವನ ಆಳುಗಳು ಹಳ್ಳಿಯವರನ್ನು ಸುಲಿಯುತ್ತಾರೆ. ಮೊದಲ ನೋಟಕ್ಕೆ ದ್ವೇಷಿಸಲು ಇಷ್ಟು ಸಾಕು.

ಅವನ ಬಳಿ ಸಿರಿಯ ಸುಳಿವಿದೆ. ಅದನ್ನು ಕೊಡಲು ಅವನ ಷರತ್ತು ಒಂದೇ: ಕಾಣೆಯಾಗಿರುವ ತನ್ನ ಹೆಂಡತಿ ಅನ್ನಾ, ಮಗಳು ತಮಾರಾ ಇಬ್ಬರನ್ನೂ ಹುಡುಕಿಕೊಡಬೇಕು. ಮಗಳನ್ನು ಹುಡುಕುತ್ತಾ ಬಂದವನ ಎದುರಿಗೆ ಮಗಳನ್ನು ಕಳೆದುಕೊಂಡವನು ಕೂತಿದ್ದಾನೆ. ಬರಹಗಾರರು ಇದನ್ನು ಎಲ್ಲೂ ಎತ್ತಿ ಹೇಳುವುದಿಲ್ಲ. ಇಬ್ಬರನ್ನು ಒಂದು ಮೇಜಿನ ಎರಡು ಬದಿಗೆ ಕೂರಿಸಿ ಸುಮ್ಮನಾಗುತ್ತಾರೆ.

ಈ ಕ್ವೆಸ್ಟ್‌ನ, ಅಂದರೆ ಆಟ ನಮಗೆ ಒಪ್ಪಿಸುವ ಈ ಕೆಲಸದ, ಸೊಗಸಿರುವುದು ಸತ್ಯ ಹೊರಬೀಳುವ ಕ್ರಮದಲ್ಲಿ. ಯಾರೋ ಅಪಹರಿಸಿದ್ದಾರೆ ಎಂದು ಬ್ಯಾರನ್ ಹೇಳುತ್ತಾನೆ. ಮನೆಯ ಕೋಣೆಗಳಲ್ಲಿ ಹುಡುಕಿದರೆ ಜಗಳ ನಡೆದ ಗುರುತುಗಳು ಸಿಗುತ್ತವೆ, ಬಚ್ಚಿಟ್ಟ ತಾಯಿತ ಸಿಗುತ್ತದೆ. ಆ ತಾಯಿತದ ಜಾಡು ಹಿಡಿದು ಊರಾಚೆಯ ಮಾಂತ್ರಿಕನ ಬಳಿ ಹೋದರೆ ಗರ್ಭಪಾತದ ವಿಷಯ ತಿಳಿಯುತ್ತದೆ. ವಾಪಸು ಬಂದರೆ ಬ್ಯಾರನ್ ಕುಡಿದು ಕೊಟ್ಟಿಗೆಗೆ ಬೆಂಕಿ ಬೀಳುವಂತೆ ಮಾಡಿದ್ದಾನೆ. ಅವನನ್ನು ಗುದ್ದಿ ನೆಲಕ್ಕೆ ಕೆಡವಿದ ಮೇಲೆ ಬಾಯಿಬಿಡುತ್ತಾನೆ, ಅದೂ ಪೂರ್ತಿಯಲ್ಲ. ಯುದ್ಧದಿಂದ ಯುದ್ಧಕ್ಕೆ ಹೋಗುತ್ತಿದ್ದದ್ದು, ಕುಡಿತ, ಒಂಟಿಯಾದ ಹೆಂಡತಿ ಬಾಲ್ಯದ ಗೆಳೆಯನ ಕಡೆ ತಿರುಗಿದ್ದು, ತಾನು ಅವನನ್ನು ಕೊಂದದ್ದು, ಆಮೇಲೆ ಹೊಡೆತ ಮನೆಯ ನಿತ್ಯದ ರೂಢಿಯಾದದ್ದು ಒಂದರ ಹಿಂದೆ ಒಂದು ಬರುತ್ತವೆ. ಪ್ರತಿ ಸಲವೂ ನಾವು ಅವನ ಬಗ್ಗೆ ಮಾಡಿಕೊಂಡಿದ್ದ ಅಭಿಪ್ರಾಯ ಸ್ವಲ್ಪ ಜಾಗ ಬದಲಿಸುತ್ತದೆ.

ನಡುನಡುವೆ ಅವನು ಸಿರಿಯ ಕತೆ ಹೇಳುತ್ತಾನೆ. ಕಂತು ಕಂತಾಗಿ, ಕೊಟ್ಟ ಕೆಲಸ ಒಂದು ಹಂತ ಮುಗಿದ ಮೇಲೆ ಇನ್ನೊಂದಿಷ್ಟು. ಅವನು ಹೇಳಲು ತೊಡಗಿದ ಕೂಡಲೇ ಆಟ ನಮ್ಮನ್ನು ಸಿರಿಯ ಮೈಯೊಳಗೆ ಇಳಿಸುತ್ತದೆ. ಗ್ರೆಟ್ಕಾ ಎಂಬ ಪುಟ್ಟ ಹುಡುಗಿಯನ್ನು ತೋಳಮನುಷ್ಯನಿಂದ ಕಾಪಾಡಿ ಕೋಟೆಗೆ ಕರೆತರುತ್ತೇವೆ. ಬ್ಯಾರನ್ ಆದರದಿಂದ ಊಟಕ್ಕೆ ಕೂರಿಸುತ್ತಾನೆ, ಹಂದಿ ಬೇಟೆಗೆ ಕರೆದೊಯ್ಯುತ್ತಾನೆ. ಬ್ಯಾಸಿಲಿಸ್ಕ್ ಎಂಬ ರಾಕ್ಷಸ ಜೀವಿ ಎರಗಿದಾಗ ಅವನ ಜೀವ ಉಳಿಸುವವಳು ಸಿರಿ. ಯಾರೋ ಪರಿಚಯವಿಲ್ಲದ ಹುಡುಗಿಯ ಮುಂದೆ ಅವನು ಎಂಥ ಅಕ್ಕರೆಯ ತಂದೆಯಾಗಬಲ್ಲ ಎಂಬುದನ್ನು ನಾವು ಕಣ್ಣಾರೆ ನೋಡುತ್ತೇವೆ. ಸ್ವಂತ ಮನೆಯಲ್ಲಿ ಮಾತ್ರ ಅವನಿಗೆ ಅದು ಆಗಲಿಲ್ಲ. ನನಗೆ ಈ ಕತೆಯಲ್ಲಿ ಅತ್ಯಂತ ಕಹಿಯೆನಿಸುವುದು ಇದೇ. ಕೂಗಾಟ, ಬೆಂಕಿ, ಪಿಶಾಚಿ ಇವು ಯಾವುವೂ ಇಷ್ಟು ಚುಚ್ಚುವುದಿಲ್ಲ. ಅವನಲ್ಲಿ ಪ್ರೀತಿ ಇತ್ತು. ಅದನ್ನು ಪಡೆಯಬೇಕಾದವರಿಗೆ ಅದು ತಲುಪಲಿಲ್ಲ.

ಒಬ್ಬನನ್ನು ಅರ್ಥ ಮಾಡಿಕೊಳ್ಳುವುದೂ ಅವನನ್ನು ಕ್ಷಮಿಸುವುದೂ ಬೇರೆಬೇರೆ ಎಂಬ ವಿವೇಕ ಈ ಬರವಣಿಗೆಗೆ ಇದೆ. ಬ್ಯಾರನ್ ಅಳುತ್ತಾನೆ, ನಮ್ಮ ಕರುಳೂ ಕಲಕುತ್ತದೆ. ಆದರೆ ಆಕ್ಸೆನ್‌ಫರ್ಟ್ ಪಟ್ಟಣದಲ್ಲಿ ತಮಾರಾಳನ್ನು ಪತ್ತೆ ಮಾಡಿದಾಗ ಅವಳು ಖಡಾಖಂಡಿತವಾಗಿ ಮನೆಗೆ ಬರಲೊಲ್ಲೆ ಎನ್ನುತ್ತಾಳೆ. ಮಾಟಗಾತಿಯರನ್ನು ಬೇಟೆಯಾಡುವ ಮತಾಂಧರ ಪಡೆಯನ್ನು ಸೇರಿದ್ದಾಳೆ. ಅಪ್ಪನ ಕಣ್ಣೀರಿನ ಕತೆ ಅವಳ ಮುಂದೆ ನಡೆಯುವುದಿಲ್ಲ. ಮನೆಯೊಳಗೆ ಬೆಳೆದವಳು ಅವಳು, ನಾವು ಹೊರಗಿನಿಂದ ಬಂದು ಕತೆ ಕೇಳಿದವರು. ಅವಳ ನಿರಾಕರಣೆಯನ್ನು ಬದಲಿಸುವ ಮಾತಿನ ಆಯ್ಕೆಯನ್ನು ಆಟ ನಮಗೆ ಕೊಡುವುದೇ ಇಲ್ಲ. ಹಾಗೆ ಕೊಡದೆ ಇದ್ದದ್ದು ದೊಡ್ಡ ಗುಣ. ಆಡುವವನ ಕೈಯಲ್ಲಿ ಎಲ್ಲವೂ ಸರಿಹೋಗಲೇಬೇಕು ಎಂಬ ಹಟ ಇಲ್ಲಿ ಕಾಣುವುದಿಲ್ಲ.

ಅನ್ನಾ ಸಿಗುವುದು ಜೌಗಿನ ನಡುವೆ, ಅನಾಥ ಮಕ್ಕಳನ್ನು ನೋಡಿಕೊಳ್ಳುವ ‘ಅಜ್ಜಿ’ಯಾಗಿ. ಆ ಕಾಡನ್ನಾಳುವ ಮೂವರು ಮುದಿ ಮಾಯಾವಿನಿಯರ ಸೇವಕಿ ಅವಳು. ಗಂಡನ ಮೇಲಿನ ದ್ವೇಷದಿಂದ, ಹೊಟ್ಟೆಯಲ್ಲಿದ್ದುದನ್ನು ತೆಗೆಯಿರಿ ಎಂದು ಅವರ ಮೊರೆ ಹೋಗಿ, ಬದಲಿಗೆ ಒಂದು ವರ್ಷದ ಊಳಿಗಕ್ಕೆ ಒಪ್ಪಿಕೊಂಡಿದ್ದಾಳೆ. ತನ್ನ ಹೊಡೆತದಿಂದಲೇ ಕೂಸು ಸತ್ತಿತು ಎಂದು ಬ್ಯಾರನ್ ನಂಬಿದ್ದ ಕತೆಗೆ ಹೀಗೆ ಇನ್ನೊಂದು ಮುಖ ಬರುತ್ತದೆ. ಅವನ ಪಾಲಿನ ಹೊಣೆ ಇದರಿಂದ ಕಡಿಮೆಯಾಗುವುದಿಲ್ಲ. ಅವಳು ಯಾವ ಸ್ಥಿತಿಗೆ ಇಳಿದಿದ್ದಳು ಎಂಬುದು ತಿಳಿಯುತ್ತದೆ, ಅಷ್ಟೇ.

ಆ ಮಾಯಾವಿನಿಯರು ಸಿರಿಯ ಸುದ್ದಿ ಹೇಳಬೇಕಾದರೆ ಪಿಸುಗುಡುವ ಗುಡ್ಡದೊಳಗೆ ಮರದ ಬೇರಿಗೆ ಸಿಕ್ಕಿಬಿದ್ದ ಆತ್ಮವೊಂದನ್ನು ಕೊಲ್ಲಬೇಕು. ಆ ಆತ್ಮವಾದರೋ ತನ್ನನ್ನು ಬಿಡಿಸಿದರೆ ಜೌಗಿನ ಮಕ್ಕಳನ್ನು ಕಾಪಾಡುತ್ತೇನೆ ಎನ್ನುತ್ತದೆ. ಯಾರ ಮಾತು ನಿಜ? ಪುಸ್ತಕಗಳು, ಊರವರ ಮಾತುಗಳು, ಗೆರಾಲ್ಟ್‌ನ ಅನುಭವ ಎಲ್ಲ ಸೇರಿಸಿದರೂ ಪೂರ್ತಿ ಉತ್ತರ ಸಿಗುವುದಿಲ್ಲ. ಬಿಡಿಸಿದರೆ ಅದು ಕಪ್ಪು ಕುದುರೆಯಾಗಿ ಹೊರಟು ಮಕ್ಕಳನ್ನು ಉಳಿಸುತ್ತದೆ, ಹೋಗುವ ದಾರಿಯಲ್ಲಿ ಒಂದು ಹಳ್ಳಿಯನ್ನೇ ನುಂಗಿಹಾಕುತ್ತದೆ. ಮಾಯಾವಿನಿಯರ ಸಿಟ್ಟು ಅನ್ನಾಳ ಮೇಲೆ ತಿರುಗುತ್ತದೆ. ಅವಳನ್ನು ಜೌಗಿನ ಭೂತವನ್ನಾಗಿ ಮಾಡುತ್ತಾರೆ. ಶಾಪ ಬಿಡಿಸಿದರೂ ಗಂಡ, ಮಗಳ ಮುಂದೆ ಕೊನೆಯ ಮಾತಾಡುವಷ್ಟು ಉಸಿರು ಮಾತ್ರ ಉಳಿದಿರುತ್ತದೆ. ಆಮೇಲೊಂದು ದಿನ ಕೋಟೆಗೆ ಹೋದರೆ ಬ್ಯಾರನ್ ಅಂಗಳದ ಮರಕ್ಕೆ ನೇಣು ಹಾಕಿಕೊಂಡಿದ್ದಾನೆ. ಆತ್ಮವನ್ನು ಕೊಂದರೆ ಅನ್ನಾ ಬದುಕುತ್ತಾಳೆ, ಬುದ್ಧಿ ಕಳೆದುಕೊಂಡು. ಅವಳನ್ನು ಗುಣಪಡಿಸುವವರನ್ನು ಹುಡುಕುತ್ತಾ ಬ್ಯಾರನ್ ದೂರದ ಬೆಟ್ಟಗಳ ಕಡೆಗೆ ಹೊರಡುತ್ತಾನೆ. ಆದರೆ ಮಕ್ಕಳ ಗುಡಿಸಲು ಖಾಲಿಯಾಗಿರುತ್ತದೆ.

ಈ ಎರಡರಲ್ಲಿ ‘ಒಳ್ಳೆಯ’ ಅಂತ್ಯ ಯಾವುದು ಎಂದು ಅಭಿಮಾನಿಗಳು ವರ್ಷಗಳಿಂದ ವಾದಿಸುತ್ತಲೇ ಇದ್ದಾರೆ. ನನ್ನ ಪಕ್ಷ ಮಕ್ಕಳದು. ಗುಡಿಸಲಿನ ಮುಂದೆ ಅವರ ಜೊತೆ ಕಣ್ಣಾಮುಚ್ಚಾಲೆ ಆಡಿದ ಮೇಲೆ ಅವರನ್ನು ಬಲಿ ಕೊಡುವ ದಾರಿಯನ್ನು ನಾನು ಹಿಡಿಯಲಾರೆ, ಹಳ್ಳಿಯ ಹೆಣಗಳ ಲೆಕ್ಕ ಮುಂದಿಟ್ಟರೂ. ಹೀಗೆ ಹೇಳುವಾಗ ಈ ನಿಲುವು ಪೂರ್ತಿ ನ್ಯಾಯವಾದದ್ದಲ್ಲ ಎಂಬುದೂ ನನಗೆ ಗೊತ್ತಿದೆ. ತೀರ್ಪು ಕೊಟ್ಟ ಮೇಲೂ ಮನಸ್ಸು ತಣ್ಣಗಾಗದಂತೆ ಕತೆ ಕಟ್ಟಿರುವುದೇ ಇದರ ಹೆಚ್ಚುಗಾರಿಕೆ. ಈ ಕ್ವೆಸ್ಟ್ ಅನ್ನು ವಿನ್ಯಾಸ ಮಾಡಿದ ಪಾವೆಲ್ ಸಾಸ್ಕೊ ಅವರ ಹೆಸರನ್ನು ಆಟಗಳ ಲೋಕದ ಹೊರಗಿನವರೂ ತಿಳಿದಿರಬೇಕು.

ಒಂದು ಕೊರತೆಯನ್ನು ಹೇಳಲೇಬೇಕು. ಈ ಕತೆಯಲ್ಲಿ ಎಲ್ಲರಿಗಿಂತ ಹೆಚ್ಚು ಅನುಭವಿಸಿದವಳು ಅನ್ನಾ. ಎಲ್ಲರಿಗಿಂತ ಕಡಿಮೆ ಮಾತಾಡುವವಳೂ ಅವಳೇ. ಗಂಡ ಹೇಳುತ್ತಾನೆ, ಮಗಳು ಹೇಳುತ್ತಾಳೆ, ಮಾಂತ್ರಿಕ ಹೇಳುತ್ತಾನೆ. ಅವಳು ಸಿಕ್ಕಾಗ ಭಯದಲ್ಲಿ ತೊದಲುತ್ತಿರುತ್ತಾಳೆ, ಮುಂದೆ ಹುಚ್ಚು ಇಲ್ಲವೇ ಸಾವು. ಬ್ಯಾರನ್‌ಗೆ ಸಿಕ್ಕಷ್ಟು ಉದ್ದನೆಯ ಒಂದು ಸಂಜೆ ಅವಳಿಗೂ ಸಿಕ್ಕಿದ್ದರೆ ಈ ಕತೆ ಇನ್ನೂ ಎತ್ತರಕ್ಕೆ ಏರುತ್ತಿತ್ತು. ಆಟದ ಅತ್ಯುತ್ತಮ ಭಾಗವೆಂದು ಎಲ್ಲರೂ ಒಪ್ಪುವ ಜಾಗದಲ್ಲೇ ಈ ಮೌನ ಉಳಿದುಬಿಟ್ಟಿದೆ.

ಹಿಮದ ಉಂಡೆ

ಬ್ಯಾರನ್‌ನನ್ನು ವೆಲೆನ್‌ನಲ್ಲಿ ಬಿಟ್ಟು ನಾವು ಮುಂದೆ ಹೋಗುತ್ತೇವೆ. ಆಟ ಮಾತ್ರ ಅವನನ್ನು ಬಿಡುವುದಿಲ್ಲ. ಮಂಜಿನ ದ್ವೀಪದಲ್ಲಿ ಗೆರಾಲ್ಟ್‌ಗೆ ಸಿರಿ ಸಿಗುತ್ತಾಳೆ. ಹಾಸಿಗೆಯ ಮೇಲೆ ಉಸಿರಿಲ್ಲದವಳಂತೆ ಬಿದ್ದ ಮಗಳನ್ನು ನೋಡಿ ಅವನು ಕುಸಿದು ಕೂರುತ್ತಾನೆ, ಎತ್ತಿ ಅಪ್ಪಿಕೊಳ್ಳುತ್ತಾನೆ. ಮಾತೇ ಇಲ್ಲದ ದೃಶ್ಯ ಅದು. ಹತ್ತಾರು ಗಂಟೆ ಹುಡುಕಿದ ಆಯಾಸವೆಲ್ಲ ನಮ್ಮ ಮೈಯಲ್ಲೂ ಇರುವುದರಿಂದ ಅಲ್ಲಿ ಮಾತು ಬೇಕಾಗುವುದಿಲ್ಲ. ಸಿನಿಮಾದ ಎರಡೂವರೆ ತಾಸಿಗೆ ಈ ಅನುಕೂಲ ಇಲ್ಲ.

ಮಗಳು ಸಿಕ್ಕ ಮೇಲೆ ನಿಜವಾದ ಪರೀಕ್ಷೆ ಶುರು. ಮುಂದಿನ ಗಂಟೆಗಳಲ್ಲಿ ಐದು ಸಣ್ಣ ಸಂದರ್ಭಗಳು ಬರುತ್ತವೆ. ವೆಸೆಮಿರ್ ಸತ್ತ ದುಃಖದಲ್ಲಿ ಕೂತ ಸಿರಿಯನ್ನು ಎಬ್ಬಿಸಿ ಹಿಮದ ಉಂಡೆ ಎಸೆದಾಡುವುದೋ, ಎಲ್ಲದರಲ್ಲೂ ಗಟ್ಟಿಗಿತ್ತಿಯಾಗಬೇಕಿಲ್ಲ ಬಿಡು ಎಂದು ಕೂತು ಕುಡಿಯುವುದೋ. ಅವಳನ್ನು ಚಕ್ರವರ್ತಿಯ ಬಳಿಗೆ ಕರೆದೊಯ್ದರೆ ಅವನು ಕೊಡುವ ಹಣ ತೆಗೆದುಕೊಳ್ಳುವುದೋ ಬಿಡುವುದೋ. ಮಂತ್ರವಾದಿನಿಯರ ಕೂಟವನ್ನು ಭೇಟಿಯಾಗಲು ಅವಳೊಬ್ಬಳನ್ನೇ ಕಳಿಸುವುದೋ, ಜೊತೆಗೆ ಹೋಗುವುದೋ. ತನ್ನನ್ನು ವರ್ಷಾನುಗಟ್ಟಲೆ ಪ್ರಯೋಗದ ವಸ್ತುವಿನಂತೆ ಲೆಕ್ಕ ಹಾಕಿದವನ ಪ್ರಯೋಗಶಾಲೆ ಕಂಡು ಅವಳು ಉರಿದೆದ್ದಾಗ ಒಡೆದು ಹಾಕು ಎನ್ನುವುದೋ, ಶಾಂತವಾಗಿರು ಎನ್ನುವುದೋ. ತನಗೆ ಆಸರೆ ಕೊಟ್ಟು ಸತ್ತ ಶ್ಯಾಲ್ ಎಂಬ ಹುಡುಗನಿಗೆ ಕೊನೆಯ ನಮಸ್ಕಾರ ಹೇಳಿ ಬರೋಣ ಎಂದಾಗ ಹೋಗುವುದೋ, ಹೊತ್ತಿಲ್ಲ ಎನ್ನುವುದೋ.

2012ರಲ್ಲಿ ಟೆಲ್‌ಟೇಲ್ ಸಂಸ್ಥೆಯ ‘ದಿ ವಾಕಿಂಗ್ ಡೆಡ್’ ಬಂದ ಮೇಲೆ, ನೀವು ಹೇಳಿದ್ದನ್ನು ಈ ಪಾತ್ರ ನೆನಪಿಟ್ಟುಕೊಳ್ಳುತ್ತದೆ ಎಂದು ಪರದೆಯ ಮೂಲೆಯಲ್ಲಿ ಸೂಚನೆ ಕೊಡುವ ರೂಢಿ ಹರಡಿತು. ಇಲ್ಲಿ ಯಾವ ಸೂಚನೆಯೂ ಇಲ್ಲ. ಇವು ಮುಖ್ಯ ತೀರ್ಮಾನಗಳು ಎಂದು ಅನಿಸುವುದೇ ಇಲ್ಲ. ಕೊನೆಗೆ ಬಿಳಿ ಹಿಮವನ್ನು ಎದುರಿಸಲು ಸಿರಿ ಒಬ್ಬಳೇ ಹೊರಟಾಗ ಅವಳ ನೆನಪಿನಲ್ಲಿ ಇದೇ ಗಳಿಗೆಗಳು ಮಿಂಚಿ ಹೋಗುತ್ತವೆ. ಅವಳನ್ನು ನಂಬಿ ಬೆನ್ನಿಗೆ ನಿಂತ ಗಳಿಗೆಗಳು ಹೆಚ್ಚಾಗಿದ್ದರೆ ಅವಳು ಬದುಕಿ ಬರುತ್ತಾಳೆ. ಕಡಿಮೆಯಾಗಿದ್ದರೆ ಬರುವುದಿಲ್ಲ.

ಈ ಐದನ್ನೂ ಒಟ್ಟಿಗೆ ಇಟ್ಟು ನೋಡಿದಾಗ ಬರಹಗಾರರ ಮನಸ್ಸು ತಿಳಿಯುತ್ತದೆ. ಮಗಳ ಜೊತೆ ಹೋಗುವುದು ತಪ್ಪು ಎಂದೋ ಸರಿ ಎಂದೋ ಒಂದೇ ಸೂತ್ರ ಇಲ್ಲಿಲ್ಲ. ಕೂಟದ ಮುಂದೆ ಅವಳು ಸ್ವಂತ ಕಾಲ ಮೇಲೆ ನಿಲ್ಲಬೇಕು, ಅಲ್ಲಿ ಅಪ್ಪ ಬಾಗಿಲ ಹೊರಗೇ ಇರಬೇಕು. ಸತ್ತ ಗೆಳೆಯನ ಮುಂದೆ ಅವಳಿಗೆ ಜೊತೆ ಬೇಕು, ಅಲ್ಲಿ ಅಪ್ಪ ಪಕ್ಕದಲ್ಲಿರಬೇಕು. ಎಲ್ಲಿ ನಿಲ್ಲಬೇಕು, ಎಲ್ಲಿ ಸರಿಯಬೇಕು ಎಂಬುದನ್ನು ಅವಳ ಮುಖ ನೋಡಿ ತಿಳಿಯಬೇಕು. ನಮಗೆ ಸಹಜವಾಗಿ ಬಾಯಿಗೆ ಬರುವ ಉತ್ತರ ಎಂದರೆ ಕಾಪಾಡುವುದು, ತಡೆಯುವುದು, ಸಮಾಧಾನ ಹೇಳುವುದು. ಪ್ರಯೋಗಶಾಲೆಯಲ್ಲಿ ‘ಶಾಂತವಾಗಿರು’ ಎನ್ನುವುದು ಪ್ರೀತಿಯ ಮಾತೇ. ಆದರೂ ಅದು ಅವಳನ್ನು ಚಿಕ್ಕವಳಾಗಿಸುತ್ತದೆ. ಬ್ಯಾರನ್ ತಪ್ಪಿದ್ದು ಕ್ರೌರ್ಯದಲ್ಲಿ, ಎಮ್ಹಿರ್ ತಪ್ಪಿದ್ದು ಮಗಳನ್ನು ಸಿಂಹಾಸನದ ಲೆಕ್ಕದಲ್ಲಿ ನೋಡಿದ್ದರಲ್ಲಿ. ಗೆರಾಲ್ಟ್ ತಪ್ಪುವ ದಾರಿ ಇವೆರಡಕ್ಕಿಂತ ಸೂಕ್ಷ್ಮವಾದದ್ದು, ಒಳ್ಳೆಯ ಮನಸ್ಸಿನ ತಂದೆಯರೆಲ್ಲ ತಪ್ಪಬಹುದಾದ ದಾರಿ.

ಸಿರಿ ಮರಳದ ಅಂತ್ಯದಲ್ಲಿ ಗೆರಾಲ್ಟ್ ಮತ್ತೆ ವೆಲೆನ್‌ನ ಅದೇ ಜೌಗಿಗೆ ಬರುತ್ತಾನೆ. ತಪ್ಪಿಸಿಕೊಂಡಿದ್ದ ಕೊನೆಯ ಮಾಯಾವಿನಿಯನ್ನು ಕೊಂದು, ಅವಳ ಬಳಿಯಿದ್ದ ವೆಸೆಮಿರ್‌ನ ಪದಕವನ್ನು ಹಿಡಿದು ಗುಡಿಸಲಿನಲ್ಲಿ ಕೂರುತ್ತಾನೆ. ಹೊರಗೆ ರಾಕ್ಷಸ ಜೀವಿಗಳು ಸುತ್ತುಗಟ್ಟುತ್ತವೆ. ಮಗಳನ್ನು ಕಳೆದುಕೊಂಡ ಎರಡನೆಯ ತಂದೆಯೂ ಅನ್ನಾ ಊಳಿಗ ಮಾಡಿದ ಜಾಗಕ್ಕೇ ಬಂದು ಮುಟ್ಟುತ್ತಾನೆ. ಎರಡು ಕತೆಗಳನ್ನು ಒಂದೇ ನೆಲಕ್ಕೆ ತಂದು ಕೂಡಿಸಿದ ಈ ಜಾಣ್ಮೆಯನ್ನು ನಾನು ಯಾವ ಒಳ್ಳೆಯ ಕಾದಂಬರಿಯ ಕಟ್ಟೋಣದ ಪಕ್ಕದಲ್ಲಾದರೂ ಇಡಬಲ್ಲೆ.

ದೊಡ್ಡ ಪಾತ್ರಗಳಷ್ಟೇ ಗಮನ ಸಣ್ಣವರಿಗೂ ಸಿಕ್ಕಿದೆ. ಆಟದ ಮೊದಲ ಊರಿನಲ್ಲಿ, ಗಾಯಗೊಂಡು ಸಾಯುತ್ತಿರುವ ಲೇನಾ ಎಂಬ ಹುಡುಗಿಗೆ ವಿಚರ್‌ಗಳ ಕಷಾಯ ಕುಡಿಸಬಹುದು. ಅದು ಮನುಷ್ಯರ ಮೈಗೆ ಒಗ್ಗುವುದಿಲ್ಲ ಎಂದು ಗೊತ್ತಿದ್ದೂ. ಎಷ್ಟೋ ಕಾಲದ ಮೇಲೆ ಸೈನ್ಯದ ಪಾಳೆಯದಲ್ಲಿ ಅವಳ ಪ್ರಿಯಕರ ಸಿಕ್ಕಿ, ಜೀವ ಉಳಿದರೂ ಅವಳು ಮೊದಲಿನಂತಿಲ್ಲ ಎಂಬ ಸಂಗತಿ ತಿಳಿಸುತ್ತಾನೆ. ಆ ಭೇಟಿ ಆಗದೆಯೂ ಹೋಗಬಹುದು. ಕೈರಾ ಮೆಟ್ಜ್ ಎಂಬ ಮಂತ್ರವಾದಿನಿ ರಾಜನ ಆಶ್ರಯ ಬಯಸಿ ಹೊರಟಾಗ ತಡೆಯದಿದ್ದರೆ ಮುಂದೆ ಅವಳ ದೇಹ ಶೂಲದ ಮೇಲೆ ಕಾಣಿಸುತ್ತದೆ. ತಡೆದರೆ ಅವಳು ಜೊತೆಗೆ ನಿಂತು ಹೋರಾಡುತ್ತಾಳೆ.

ಎಲ್ಲವೂ ಇದೇ ಮಟ್ಟದಲ್ಲಿಲ್ಲ. ವೈಲ್ಡ್ ಹಂಟ್‌ನ ದೊರೆ ಎರೆಡಿನ್ ಹೆಸರಿಗೆ ಖಳನಾಯಕ. ರಕ್ಷಾಕವಚದೊಳಗೆ ಮನುಷ್ಯನಾಗಲಿ ಎಲ್ಫ್ ಆಗಲಿ ಇದ್ದಂತೆ ಅನಿಸುವುದಿಲ್ಲ. ಒಬ್ಬ ಕುಡುಕ ಬ್ಯಾರನ್‌ಗೆ ಸಿಕ್ಕ ಬರವಣಿಗೆಯ ಹತ್ತರಲ್ಲೊಂದು ಪಾಲೂ ಅವನಿಗೆ ಸಿಕ್ಕಿಲ್ಲ. ಬೇಹುಗಾರಿಕೆಯಲ್ಲಿ ಪಳಗಿದ, ಒಂದೊಂದು ಹೆಜ್ಜೆಯನ್ನೂ ಅಳೆದು ಇಡುವ ಡೈಕ್‌ಸ್ಟ್ರಾ, ರಾಜನೊಬ್ಬನ ಹತ್ಯೆಯ ಸಂಚು ಬರುವ ಪ್ರಸಂಗದ ಕೊನೆಯಲ್ಲಿ ಗೆರಾಲ್ಟ್‌ನ ಎದುರಿಗೇ ಅವನ ಗೆಳೆಯರನ್ನು ಕೊಲ್ಲಲು ಹೊರಡುವುದು ಆ ಪಾತ್ರಕ್ಕೆ ಬಗೆದ ದ್ರೋಹ. ಕತೆಗೆ ಬೇಕಾದ ತಿರುವಿಗಾಗಿ ಜಾಣನನ್ನು ಪೆದ್ದನನ್ನಾಗಿ ಮಾಡಿದ್ದಾರೆ. ನೊವಿಗ್ರಾಡ್ ನಗರದಲ್ಲಿ ಡ್ಯಾಂಡೆಲಿಯನ್ ಎಂಬ ಕವಿಯ ಹುಡುಕಾಟ ಎಳೆದಷ್ಟೂ ಉದ್ದವಾಗುತ್ತದೆ.

ಚಮಚ ಹಿಡಿದ ವ್ಯಾಪಾರಿ

ಖಳನ ಕೊರತೆಯನ್ನು ಅದೇ ತಂಡ 2015ರ ಅಕ್ಟೋಬರಿನಲ್ಲಿ ‘ಹಾರ್ಟ್ಸ್ ಆಫ್ ಸ್ಟೋನ್’ ಎಂಬ ವಿಸ್ತರಣೆಯಲ್ಲಿ ತುಂಬಿಕೊಟ್ಟಿತು. ಮೂಲ ಆಟದ ಮೊದಲ ಹೆಂಡದಂಗಡಿಯಲ್ಲಿ ಸಾಧುವಿನಂತೆ ಕೂತು ನಾಲ್ಕು ಮಾತಾಡಿದ್ದ ಕನ್ನಡಿ ವ್ಯಾಪಾರಿ ಗಾಂಟರ್ ಓಡಿಮ್ ಇಲ್ಲಿ ತನ್ನ ನಿಜರೂಪದಲ್ಲಿ ಬರುತ್ತಾನೆ. ಅವನಿಗೆ ಕೊಂಬಿಲ್ಲ, ಕತ್ತಿಯಿಲ್ಲ. ಮಾತಿನ ನಡುವೆ ಅಡ್ಡ ಬಂದ ಕುಡುಕನೊಬ್ಬನಿಗಾಗಿ ಕಾಲವನ್ನೇ ನಿಲ್ಲಿಸಿ, ಮರದ ಚಮಚವನ್ನು ಅವನ ಕಣ್ಣಿಗೆ ಚುಚ್ಚಿ, ಏನೂ ಆಗದವನಂತೆ ಮಾತು ಮುಂದುವರಿಸುತ್ತಾನೆ. ಇಡೀ ವೈಲ್ಡ್ ಹಂಟ್ ಹುಟ್ಟಿಸದ ಭಯವನ್ನು ಆ ಚಮಚ ಹುಟ್ಟಿಸುತ್ತದೆ.

ಅವನೊಡನೆ ಒಪ್ಪಂದ ಮಾಡಿಕೊಂಡ ಓಲ್ಗಿಯೆರ್ಡ್‌ನ ಕತೆಯ ಹಿಂದೆ ಪೋಲೆಂಡಿನ ಪಾನ್ ತ್ವಾರ್ದೋವ್‌ಸ್ಕಿಯ ಐತಿಹ್ಯವಿದೆ. ಕ್ರಾಕೋವ್ ನಗರದ ಆ ಮಾಂತ್ರಿಕ ತನ್ನ ಆತ್ಮವನ್ನು ಸೈತಾನನಿಗೆ ಬರೆದುಕೊಟ್ಟ. ರೋಮ್‌ನಲ್ಲಿ ಮಾತ್ರ ತನ್ನನ್ನು ಒಯ್ಯಬಹುದು ಎಂದು ಜಾಣತನದ ಷರತ್ತು ಹಾಕಿದ. ಕೊನೆಗೆ ‘ರೋಮ್’ ಎಂಬ ಹೆಸರಿನ ಛತ್ರದಲ್ಲಿ ಸಿಕ್ಕಿಬಿದ್ದು, ಚಂದ್ರನ ಮೇಲೆ ಉಳಿದುಹೋದ. ಆಟದಲ್ಲಿ ಓಲ್ಗಿಯೆರ್ಡ್‌ನ ಗಡುವು ಮುಗಿಯಬೇಕಾದದ್ದೂ ಚಂದ್ರನ ಮೇಲೆ ನಿಂತಾಗ. ಓಡಿಮ್ ಅವನನ್ನು ಹಾಳು ದೇಗುಲವೊಂದಕ್ಕೆ ಕರೆಸುತ್ತಾನೆ. ಧೂಳು ಹಾರಿದ ಮೇಲೆ ನೋಡಿದರೆ ಕಾಲಡಿಯ ನೆಲದಲ್ಲಿ ಚಂದ್ರನ ಚಿತ್ತಾರ. ಊರಿನ ಮಕ್ಕಳಿಗೆಲ್ಲ ಗೊತ್ತಿರುವ ಕತೆಯನ್ನು ಎತ್ತಿಕೊಂಡು, ಅದರ ಕೀಲನ್ನು ಹಾಗೇ ಉಳಿಸಿ, ಒಳಗೆ ಬೇರೆ ಮನುಷ್ಯರನ್ನು ಇಡುವ ಈ ರೀತಿ ಆಟದ ತುಂಬ ಇದೆ. ವೆಲೆನ್‌ನ ದ್ವೀಪವೊಂದರಲ್ಲಿ ಹಿರಿಯರ ಆತ್ಮಗಳನ್ನು ಕರೆದು ಅನ್ನ ಇಡುವ ಇರುಳಿನ ವಿಧಿ ಬರುತ್ತದೆ. ಅದು ಸ್ಲಾವ್ ಜನರ ‘ಜಾದಿ’ ಆಚರಣೆ. ಪೋಲಿಷ್ ಮಹಾಕವಿ ಆದಾಮ್ ಮಿತ್ಸ್‌ಕ್ಯೆವಿಚ್ ಅದೇ ಹೆಸರಿನ ನಾಟಕ ಬರೆದಿದ್ದಾರೆ. ಬ್ಯಾರನ್‌ನ ಕೂಸಿನ ಪಿಶಾಚಿಗೂ ಪೋಲಿಷ್ ಜನಪದದಲ್ಲಿ ಹೆಸರಿದೆ, ‘ಪೊರೊನ್ಯೆಟ್ಸ್’. ಈ ಪಾತ್ರಗಳು ನಮಗೆ ನಿಜವೆನಿಸುವುದಕ್ಕೆ ಅವುಗಳ ಕಾಲ ಕೆಳಗಿನ ಮಣ್ಣು ನಿಜವಾಗಿರುವುದು ದೊಡ್ಡ ಕಾರಣ.

2024ರ ಡಿಸೆಂಬರಿನಲ್ಲಿ ನಾಲ್ಕನೆಯ ಆಟದ ಮೊದಲ ತುಣುಕು ಬಂತು. ಅದರ ನಾಯಕಿ ಸಿರಿ. ಹಳ್ಳಿಯವರು ರಾಕ್ಷಸನಿಗೆ ಬಲಿ ಕೊಡಲು ಹೊರಟ ಹುಡುಗಿಯನ್ನು ಅವಳು ಕಾಪಾಡುತ್ತಾಳೆ, ರಾಕ್ಷಸನನ್ನು ಕೊಂದು ಹಿಂದಿರುಗುವಷ್ಟರಲ್ಲಿ ಹಳ್ಳಿಯವರೇ ಆ ಹುಡುಗಿಯನ್ನು ಕೊಂದಿರುತ್ತಾರೆ. ಅದನ್ನು ನೋಡಿದಾಗ ಬರವಣಿಗೆಯ ಕೈ ಸಡಿಲವಾಗಿಲ್ಲ ಎಂಬ ಭರವಸೆ ನನಗೆ ಬಂದಿದೆ.

ಅದು ಬರುವವರೆಗೆ ಮೂರನೆಯದನ್ನು ಆಡದವರು ಆಡಿ. ಹಿಂದಿನ ಎರಡು ಆಟ, ಪುಸ್ತಕಗಳು ಗೊತ್ತಿರಬೇಕೆಂದೇನೂ ಇಲ್ಲ. ಯುರೋಪಿನ ವರ್ಗೀಕರಣದಂತೆ ಇದು 18 ವರ್ಷ ದಾಟಿದವರ ಆಟ, ಮಕ್ಕಳ ಕೈಗೆ ಕೊಡಬೇಡಿ. ಕಾದಾಟ ಕಷ್ಟವೆನಿಸಿದರೆ ಸುಲಭದ ಮಟ್ಟ ಇಟ್ಟುಕೊಳ್ಳಿ, ಅದರಿಂದ ಕತೆಗೆ ಏನೂ ಕಡಿಮೆಯಾಗುವುದಿಲ್ಲ. ವೆಲೆನ್‌ಗೆ ಕಾಲಿಟ್ಟ ಮೇಲೆ ಯಾವ ಆಯ್ಕೆಗೆ ಯಾವ ಫಲ ಎಂದು ಹೇಳುವ ವಿಡಿಯೊಗಳನ್ನು ಮಾತ್ರ ದಯವಿಟ್ಟು ತೆರೆಯಬೇಡಿ. ಪಾತ್ರಗಳು ಮಾತಾಡುವಾಗ ಬಟನ್ ಒತ್ತಿ ಮುಂದಕ್ಕೆ ಓಡಿಸಬೇಡಿ, ಕೂತು ಕೇಳಿ.